ಹೆಬ್ಬಾತಿನ ಹನ್ನೆರಡು ಅಂಕ

ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಹೆಬ್ಬಾತು ಪ್ರತಿ ವರ್ಷದ ಹಾರಾಟವನ್ನು ಯಾವುದಾದರೂ ಒಂದೇ ಕೆರೆಯ ಲೆಕ್ಕದಲ್ಲಿ ಬರೆಸಬಹುದಿತ್ತು. ಹಾರಾಟಕ್ಕೆ ಚಿಕ್ಕ ಕೆರೆಯ ಆಮೆ ಒಂದು ಅಂಕ ಕೊಡುತ್ತಿತ್ತು, ದೊಡ್ಡ ಕೆರೆಯ ಕೊಕ್ಕರೆ ಮೂರು. ಬೇಕಾದಾಗ ಆ ಅಂಕ ಕೊಟ್ಟು ಅದೇ ಕೆರೆಯಲ್ಲಿ ತಂಗಲು ಒಳ್ಳೆಯ ಜಾಗ ಪಡೆಯಬಹುದು ಎಂಬುದು ಮಾತು. ಹೆಬ್ಬಾತು ನಾಲ್ಕು ವರ್ಷ ದೊಡ್ಡ ಕೆರೆಯಲ್ಲೇ ಬರೆಸಿತು.

ಐದನೆಯ ವರ್ಷ ಅದರ ಹೆಂಡತಿಯ ರೆಕ್ಕೆ ಉಳುಕಿತು.

"ಕೊಕ್ಕರೆರಾಯರೇ, ಹನ್ನೆರಡು ಅಂಕವಿದೆ. ಜೊಂಡಿನ ಮರೆಯಲ್ಲಿ ಜಾಗ ಕೊಡಿ."

"ಧಾರಾಳವಾಗಿ! ವೈಶಾಖದಲ್ಲಿ ಬನ್ನಿ. ಚಳಿಗಾಲದ ನೂಕುನುಗ್ಗಲಲ್ಲಿ ಅಂಕ ನಡೆಯೋದಿಲ್ಲ."

"ವೈಶಾಖದಲ್ಲಿ ನಾವು ಹಿಮಾಲಯದ ಆಚೆ, ಸ್ವಾಮಿ! ನಿಮ್ಮ ಕೆರೆಯಲ್ಲೂ ನೀರಿರೋದಿಲ್ಲ."

"ಅದಕ್ಕೇ ತಾನೇ ಮೂರು ಕೊಡೋದು!"

ಹೆಬ್ಬಾತು ಈ ಸಲದ ಹಾರಾಟವನ್ನು ಚಿಕ್ಕ ಕೆರೆಯಲ್ಲಿ ಬರೆಸಿತು. ಆ ಒಂದೇ ಅಂಕಕ್ಕೆ ಆಮೆ ಅಂದೇ ಜೊಂಡಿನ ಮೂಲೆ ಬಿಟ್ಟುಕೊಟ್ಟಿತು.

"ನಿಮ್ಮ ಹನ್ನೆರಡು ಅಂಕ ಏನು ಮಾಡಲಿ?" ಕೊಕ್ಕರೆ ಕೂಗಿತು.

"ವೈಶಾಖದಲ್ಲಿ ನೀವೇ ಅದರಲ್ಲಿ ಈಜಿ!"