ಮುಳ್ಳುಬೇಲಿಯೊಳಗಿನ ನಿದ್ದೆ

ಹೊಳೆದಂಡೆಯ ಹಳೆಯ ಛತ್ರದಲ್ಲಿ ತಿರುಮಲಮ್ಮ ಎಂಬ ವಯಸ್ಸಾದ ಗುರು ನೃತ್ಯ ಕಲಿಸುತ್ತಿದ್ದರು. ಕಲಿಯುವವರು ಊರಿನ ಜನವೇ. ಹಗಲೆಲ್ಲ ತಮ್ಮ ತಮ್ಮ ಕೆಲಸ ಮುಗಿಸಿ, ಸಂಜೆ ಹೊಳೆಯಲ್ಲಿ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು. ವರ್ಷಕ್ಕೊಂದು ಬ್ಯಾಲೆ ಆಡುತ್ತಿದ್ದರು. ಇಂಥ ಜನರನ್ನು ಪಡೆಯಲು ಆ ಊರು ಪುಣ್ಯ ಮಾಡಿರಬೇಕು.

ಅವರಲ್ಲೆಲ್ಲ ಚೆನ್ನಾಗಿ ಕುಣಿಯುತ್ತಿದ್ದವಳು ವಾರಿಜಾ. ಚಿಕ್ಕಂದಿನಿಂದ ತಿರುಮಲಮ್ಮನವರ ಬಳಿಯೇ ಕಲಿತವಳು, ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದವಳು. ಅವಳಿಗಿದ್ದ ಆಸೆ ಒಂದೇ. ಅಮ್ಮ ಪಾಠ ನಿಲ್ಲಿಸಿದ ಮೇಲೆ ಆ ಜಾಗದಲ್ಲಿ ತಾನು ಕೂರಬೇಕು.

ಒಂದು ಸಂಜೆ ಕೇಳಿಯೇಬಿಟ್ಟಳು. "ಅಮ್ಮ, ಮುಂದೆ ಪಾಠ ನನಗೆ ಒಪ್ಪಿಸ್ತೀರಾ?"

"ಈ ಬ್ಯಾಲೆ ಮುಗೀಲಿ, ನೋಡೋಣ" ಎಂದರು ಗುರು.

ಆ ವರ್ಷದ್ದು ಎಲ್ಲರಿಗೂ ಗೊತ್ತಿರುವ ಹಳೆಯ ಕಥೆ. ಶಾಪ ತಗುಲಿದ ರಾಜಕುಮಾರಿ ನೂರು ವರ್ಷ ನಿದ್ದೆ ಹೋಗುತ್ತಾಳೆ. ಸುತ್ತ ಮುಳ್ಳುಬೇಲಿ ಬೆಳೆದು ಅವಳನ್ನು ಕಾಪಾಡುತ್ತದೆ. ಕೊನೆಗೆ ರಾಜಕುಮಾರ ಬಂದು ಮುತ್ತು ಕೊಟ್ಟು ಎಬ್ಬಿಸುತ್ತಾನೆ. ಊರಿನವರ ಮುಂದೆ ಅಷ್ಟು ಧೈರ್ಯ ಯಾರಿಗಿದೆ? ಇಲ್ಲಿ ಅಂಗೈಯಲ್ಲೊಂದು ಮಲ್ಲಿಗೆ ಇಟ್ಟರೆ ಏಳಬೇಕು ಎಂದು ಮಾತಾಗಿತ್ತು.

ವಾರಿಜಾ ರಾಜಕುಮಾರಿ. ಮೊದಲು ಮನಸಾರೆ ಕುಣಿದು, ಆಮೇಲೆ ಮಂಚದ ಮೇಲೆ ಮಲಗಬೇಕು. ಬೇಲಿಯಾಗಿ ಕುಣಿಯುವವರು ಆಸ್ಪತ್ರೆಯ ನರ್ಸ್ ರೀಟಾ, ನಿವೃತ್ತ ಲೈನ್‌ಮನ್ ಕೆಂಚಪ್ಪ, ಅವರಂಥ ಇನ್ನಷ್ಟು ಜನ. ಕೆಂಚಪ್ಪನಿಗಿಂತ ಮುಂಚೆ ಅವನ ಹೊಟ್ಟೆ ರಂಗಕ್ಕೆ ಬರುತ್ತಿತ್ತು.

ಅಭ್ಯಾಸದ ಹೊತ್ತಿಗೆ ಮಂಚದ ಮೇಲೆ ಮಲಗಿದ ವಾರಿಜಾಳಿಗೆ ಜೀವ ತಡೆಯಲಿಲ್ಲ. ಇವರು ತಾಳ ತಪ್ಪಿದರೆ ಬ್ಯಾಲೆಯ ಗತಿಯೇನು? ಕಣ್ಣು ಮುಚ್ಚಿಕೊಂಡೇ, ತುಟಿಯಲ್ಲೇ ಹೇಳಿಕೊಡತೊಡಗಿದಳು.

"ತಕಧಿಮಿ, ತಕಧಿಮಿ. ಕೆಂಚಪ್ಪಣ್ಣ, ಎಡಗಾಲು. ರೀಟಕ್ಕ, ಈಗ ತಿರುಗಿ."

ಅವರೂ ಅವಳ ತುಟಿಗೇ ಕಿವಿಗೊಟ್ಟು ಹೆಜ್ಜೆ ಹಾಕಿದರು. ಒಂದೂ ತಪ್ಪಲಿಲ್ಲ. ವಾರಿಜಾಳಿಗೆ ಒಳಗೊಳಗೇ ಹೆಮ್ಮೆ.

ಅಭ್ಯಾಸ ಮುಗಿದ ಮೇಲೆ ಗುರು ಕೇಳಿದರು. "ಏನೇ, ರಾಜಕುಮಾರಿಗೆ ನಿದ್ದೇಲಿ ಮಾತಾಡೋ ಚಾಳಿ ಇದೆಯಾ?"

"ನಾನು ಹೇಳದೆ ಹೋದ್ರೆ ಎಡವ್ತಾರೆ ಅಮ್ಮ."

"ಯಾವತ್ತಾದ್ರೂ ಎಡವಿದಾರಾ?"

"ಎಡವೋಕೆ ನಾನು ಬಿಟ್ಟರೆ ತಾನೆ?"

"ಅದೂ ಸರಿ" ಎಂದು ಗುರು ಎದ್ದು ಹೋದರು.

ಮರುದಿನ ವಾರಿಜಾ ಮಲಗಬೇಕಾದ ಹೊತ್ತಿಗೆ ಗುರು ಮಂಚದ ಮೇಲೆ ಒಂದು ದಿಂಬು ಇಟ್ಟು ಶಾಲು ಹೊದಿಸಿದರು. ಅವಳನ್ನು ಕೆಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಕೈತುಂಬ ಹುರಿಗಡಲೆ ಕೊಟ್ಟರು.

"ತಿನ್ನು. ಬಾಯಿಗೆ ಕೆಲಸ ಬೇಕಲ್ಲ."

ವಾರಿಜಾಳ ಮುಖ ಸಣ್ಣದಾಯಿತು. ಪಾತ್ರವೂ ಹೋಯಿತು, ಪಾಠವೂ ಹೋಯಿತು ಎಂದುಕೊಂಡಳು.

ಮೃದಂಗ ಶುರುವಾಯಿತು. ಬೇಲಿಯವರು ಮಂಚದ ಹತ್ತಿರ ಬಂದು ಎಂದಿನಂತೆ ಕಿವಿಗೊಟ್ಟರು. ದಿಂಬು ಏನು ಹೇಳೀತು? ಕೆಂಚಪ್ಪ ಎಡಕ್ಕೆ ಹೋದ, ರೀಟಾ ಬಲಕ್ಕೆ ಹೋದಳು, ಉಳಿದವರು ನಡುವೆ ಸಿಕ್ಕಿಕೊಂಡರು.

ವಾರಿಜಾ ತಡೆಯಲಾರದೆ ಎದ್ದಳು. ಗುರು ಅವಳ ಸೆರಗು ಹಿಡಿದೆಳೆದು ಕೂರಿಸಿದರು.

"ಅಗಿ" ಎಂದರು.

ಕೆಂಚಪ್ಪ ಬೆವರು ಒರೆಸಿಕೊಂಡು ರೀಟಾಳ ಕಾಲು ನೋಡಿದ. ರೀಟಾ ಮೃದಂಗದ ಕಡೆ ತಿರುಗಿದಳು. ಮತ್ತೆ ಶುರು ಮಾಡಿದರು, ಮತ್ತೆ ತಪ್ಪಿದರು, ತಮ್ಮಷ್ಟಕ್ಕೆ ತಾವೇ ನಕ್ಕರು. ಅಂದು ಹಾಗೇ ಮುಗಿಯಿತು.

ದಿನವೂ ಇದೇ ನಡೆಯಿತು. ಮಂಚದ ಮೇಲೆ ದಿಂಬು, ಕೆಳಗೆ ವಾರಿಜಾ, ಬಾಯಲ್ಲಿ ಹುರಿಗಡಲೆ.

ಒಂದು ಸಂಜೆ ಅವಳು ಅಗಿಯುವುದನ್ನೇ ಮರೆತಳು. ಕೆಂಚಪ್ಪ ತನ್ನ ದಪ್ಪ ತೋಳುಗಳನ್ನು ಮಂಚದ ಮೇಲೆ ಬಾಗಿಸಿದ್ದ, ತೊಟ್ಟಿಲಿನ ಮಗುವನ್ನು ನೋಡಲು ಬಾಗುವ ಅಜ್ಜನ ಹಾಗೆ. ರೀಟಾಳ ಬೆರಳುಗಳು ಜ್ವರ ನೋಡುವಷ್ಟು ಮೆಲ್ಲಗೆ ಶಾಲಿನ ಮೇಲೆ ಸುಳಿದವು. ಒಬ್ಬರು ತಗ್ಗಿದಾಗ ಇನ್ನೊಬ್ಬರು ಏಳುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಅವಳು ತೋರಿಸಿದ್ದ ಕುಣಿತ ಅದಲ್ಲ. ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅವಳ ಕಣ್ಣು ತುಂಬಿ ಬಂತು.

"ಅಮ್ಮ, ಇವರು ಇಷ್ಟು ಚೆನ್ನಾಗಿ ಕುಣೀತಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಅವರಿಗೂ ಗೊತ್ತಿರಲಿಲ್ಲ" ಎಂದರು ಗುರು. "ನಾಳೆಯಿಂದ ನೀನು ಮಂಚಕ್ಕೆ ಹೋಗು."

ಬ್ಯಾಲೆಯ ದಿನ ಹೊಳೆಯ ಮೆಟ್ಟಿಲ ತುಂಬ ಜನ. ವಾರಿಜಾ ಕುಣಿದಳು, ಶಾಪ ತಗುಲಿತು, ಮಲಗಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಳು.

ಬೇಲಿ ಅರ್ಧ ಬೆಳೆದಿತ್ತು. ಅಷ್ಟರಲ್ಲಿ ಕೆಂಚಪ್ಪನ ಕಾಲಿನ ಗೆಜ್ಜೆ ಹರಿದು ಚೆಲ್ಲಾಪಿಲ್ಲಿಯಾಯಿತು. ಹೆಜ್ಜೆಗಳು ನಿಂತವು.

"ತಕಧಿಮಿ" ವಾರಿಜಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

ರೀಟಾಳ ಹೆಜ್ಜೆ ಬಿತ್ತು. ಹಿಂದೆಯೇ ಕೆಂಚಪ್ಪನದು, ಗೆಜ್ಜೆಯಿಲ್ಲದ ಭಾರವಾದ ಹೆಜ್ಜೆ. ಆಮೇಲೆ ಎಲ್ಲರದೂ. ಆ ಸದ್ದು ಅವಳ ಸುತ್ತ ನಿಧಾನವಾಗಿ ತುಂಬಿಕೊಂಡಿತು. ಇನ್ನು ತನಗೇನೂ ಆಗದು ಎನ್ನಿಸಿ, ಬಿಗಿಹಿಡಿದಿದ್ದ ಮೈ ಸಡಿಲವಾಯಿತು.

ರಾಜಕುಮಾರನಾಗಿದ್ದ ಬ್ಯಾಂಕ್ ಗುಮಾಸ್ತ ಸುದರ್ಶನ ಬಂದು ಅಂಗೈಯಲ್ಲಿ ಮಲ್ಲಿಗೆ ಇಟ್ಟ. ರಾಜಕುಮಾರಿ ಏಳಲಿಲ್ಲ. ಇನ್ನೊಂದು ಇಟ್ಟ. ಊಹೂಂ. ಪಾಪ, ಅವನು ಬಾಗಿ ಭುಜ ಅಲುಗಾಡಿಸಿ, "ವಾರಿಜಾ, ಏಳಮ್ಮ" ಎಂದು ಪಿಸುಗುಟ್ಟಬೇಕಾಯಿತು. ಅವಳು ಬೆಚ್ಚಿ ಎದ್ದು, ಎಲ್ಲಿದ್ದೇನೆಂದು ತಿಳಿಯದೆ ಕಣ್ಣುಜ್ಜಿಕೊಂಡಳು. ಮೆಟ್ಟಿಲ ತುಂಬ ಚಪ್ಪಾಳೆ. ಏಳುವುದೆಂದರೆ ಹೀಗೆ ಏಳಬೇಕು ಎಂದು ಜನ ಹೊಗಳಿದ್ದೇ ಹೊಗಳಿದ್ದು.

ಎಲ್ಲರೂ ಹೋದ ಮೇಲೆ ವಾರಿಜಾ ಗುರುವಿನ ಮುಂದೆ ತಲೆ ತಗ್ಗಿಸಿ ನಿಂತಳು.

"ತಪ್ಪಾಯಿತು ಅಮ್ಮ."

"ಏನು ತಪ್ಪು?"

"ಅದು ಅಭಿನಯ ಅಲ್ಲ. ನಿಜವಾಗ್ಲೂ ನಿದ್ದೆ ಬಂದುಬಿಟ್ಟಿತ್ತು. ಪಾಠ ಒಪ್ಪಿಸಿ ಅಂತ ಇನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?"

"ಅವರು ಕುಣೀತಿರುವಾಗಲೇ ಬಂತಾ ನಿದ್ದೆ?"

"ಹೌದು ಅಮ್ಮ. ಗೆಜ್ಜೆ ಹರಿದು, ಅವರು ಮತ್ತೆ ಶುರು ಮಾಡಿದ ಮೇಲೆ."

ಗುರು ಅವಳ ತಲೆಯ ಮೇಲೆ ಕೈಯಿಟ್ಟರು.

"ನಾಳೆ ಸಂಜೆ ಪಾಠ ನೀನೇ ಶುರು ಮಾಡು. ನಾನು ಸ್ವಲ್ಪ ಮಲಗ್ತೀನಿ."