ಏಕಾದಶಿಯ ದಿನ ಕುಣಿದ ಗಂಟೆ

ಭಗವಂತನ ದಯೆ ಕಂಚಿನಲ್ಲೂ ನುಡಿಯುತ್ತದೆ, ಗಾಜಿನಲ್ಲೂ ನುಡಿಯುತ್ತದೆ. ತುಂಗಮ್ಮನವರ ದೇವರ ಮನೆಯ ಗಂಟೆಗೆ ಮಾತ್ರ ಇದು ಗೊತ್ತಿರಲಿಲ್ಲ.

ಅಂದು ಏಕಾದಶಿ. ಮಾತ್ರೆ ಡಬ್ಬಿಯ ಜೊತೆ ಕುಂಕುಮ ಹಚ್ಚಿಸಿಕೊಂಡು ಗಂಟೆಯ ಪಕ್ಕದಲ್ಲೇ ಕುಳಿತಿದ್ದ ಮೊಬೈಲು, ಡಾಕ್ಟರು ಹಾಕಿಕೊಟ್ಟ ಆ್ಯಪಿನ ಅಪ್ಪಣೆಯಂತೆ, ‘ಟ್ರಿಣ್ ಟ್ರಿಣ್! ಬಿಪಿ ಮಾತ್ರೆ!’ ಎಂದು ಕೂಗಿತು.

‘ಇವತ್ತು ನಿರಾಹಾರ ಕಣಪ್ಪ, ಮಾತ್ರೆಯೂ ಇಲ್ಲ’ ಎಂದು ಅದರ ಬಾಯಿ ಮುಚ್ಚಿಸಿ ತುಂಗಮ್ಮ ಹೂವು ತರಲು ಹೋದರು.

ಗಂಟೆ ಕಿಸಕ್ಕನೆ ನಕ್ಕಿತು. ‘ಏನೋ, ದೇವರ ಮುಂದೆ ನಿನ್ನದೇನು ಗದ್ದಲ? ನಾನು ನುಡಿದರೆ ನಾರಾಯಣನೇ ಕಣ್ಣು ಬಿಡುತ್ತಾನೆ, ಗೊತ್ತಾ?’

‘ಬಿಡಲಿ ಗಂಟೆಯಕ್ಕ. ಆದರೆ ಅಮ್ಮನ ಬಿಪಿ ಬೆಳಿಗ್ಗೆಯೇ ನೂರ ಎಂಬತ್ತು ದಾಟಿದೆ. ನಾಳೆ ಆ ಕೈ ಬಿದ್ದುಹೋದರೆ ನಿನ್ನನ್ನು ಅಲ್ಲಾಡಿಸುವವರು ಯಾರು?’

ಮರುಕ್ಷಣವೇ ಗಂಟೆ ಮಣೆಯಿಂದ ಧುಮುಕಿ, ಢಣಢಣನೆ ಉರುಳಿ, ಮಾತ್ರೆ ಡಬ್ಬಿಯನ್ನು ದಬ್ಬಿಕೊಂಡು ಹೋಗಿ ತೀರ್ಥದ ಬಟ್ಟಲಿಗೆ ತಾಗಿಸಿಯೇ ನಿಂತಿತು. ಮೊಬೈಲೂ ಗಡಗಡ ನಡುಗುತ್ತ ಹಿಂದೆಯೇ ಕುಣಿದು ಬಂತು.

ಹೂಬುಟ್ಟಿಯೊಂದಿಗೆ ಓಡಿಬಂದ ತುಂಗಮ್ಮ ಡಬ್ಬಿಯನ್ನು ನೋಡಿದರು, ದೇವರನ್ನು ನೋಡಿದರು, ಕೆನ್ನೆ ಕೆನ್ನೆ ಬಡಿದುಕೊಂಡರು. ‘ಆಯ್ತು ನನ್ನಪ್ಪಾ, ನುಂಗ್ತೀನಿ! ಇಷ್ಟಕ್ಕೆ ಇಷ್ಟೊಂದು ಗಲಾಟೆನಾ?’

ಮಾತ್ರೆ ತೀರ್ಥದ ಜೊತೆ ಒಳಗಿಳಿಯಿತು. ಮಂಗಳಾರತಿ ಮುಗಿದ ಮೇಲೆ ಗಂಟೆ ಏದುಸಿರು ಬಿಡುತ್ತ ಪಿಸುಗುಟ್ಟಿತು:

‘ತಮ್ಮಾ, ನಾಳೆಯಿಂದ ಮೊದಲು ನೀನು ಕೂಗು. ನನ್ನ ಸ್ವಾಮಿ ಒಂದು ನಿಮಿಷ ತಡವಾಗಿ ಕಣ್ಣು ಬಿಟ್ಟರೂ ಬೇಸರ ಮಾಡಿಕೊಳ್ಳುವವನಲ್ಲ.’