ತಿಪ್ಪಕ್ಕನ ತೊಟ್ಟಿ ಮತ್ತು ಉಪ್ಪುರೊಟ್ಟಿಯ ಮಹಿಮೆ

ಈ ಸೀಮೆಗೆ ರೈಲು ಬಾರದಿದ್ದ, ಬೋಧಕರು ವರ್ಷಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಧೂಳು ಮೆತ್ತಿಕೊಂಡು ಬಂದಿಳಿಯುತ್ತಿದ್ದ ಕಾಲದಲ್ಲಿ, ಗುಂಡುಕಲ್ಲೂರಿನ ಹೆಬ್ಬಂಡೆಯ ತಪ್ಪಲಲ್ಲಿ ಎಲೀಶಪ್ಪನೆಂಬ ಕಲ್ಲುಕುಟಿಗನು ಧರ್ಮಪತ್ನಿ ತಿಪ್ಪಕ್ಕನೊಡನೆ ವಾಸವಾಗಿದ್ದನು. ಇಂದು ಭಕ್ತಾದಿಗಳು ಕಾಣುವ ಬ್ಯಾಪ್ಟಿಸ್ಟ್ ದೇವಾಲಯದ ಗೋಡೆಗಳೆಲ್ಲ ಆ ಪುಣ್ಯಾತ್ಮನ ಕೈಗೆಲಸವೇ.

ಆತನು ಹರೆಯದಲ್ಲೇ ದೂರದ ಹೊಳೆಯೊಂದರಲ್ಲಿ ದೀಕ್ಷಾಸ್ನಾನ ಪಡೆದವನು. ತಿಪ್ಪಕ್ಕನಿಗೆ ಆ ಭಾಗ್ಯವಿರಲಿಲ್ಲ. ತಲೆಗೆ ನೀರು ಚಿಮುಕಿಸಿದರೆ ಸಾಲದು, ದೇಹವೆಲ್ಲ ಮುಳುಗಿ ಏಳಬೇಕೆಂಬುದು ಈ ಸಭೆಯ ನಿಷ್ಠೆ. ಊರ ಕೆರೆಗೋ ಮೇಲುಜಾತಿಯವರು ಈ ಸಭೆಯವರನ್ನು ಇಳಿಯಗೊಡುತ್ತಿರಲಿಲ್ಲ. ಮುಳುಗದವರಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲವಾದ ಕಾರಣ, ತಿಂಗಳಿಗೊಮ್ಮೆ ಆ ಪವಿತ್ರ ರೊಟ್ಟಿಯನ್ನು ತಟ್ಟಿ ಸುಡುತ್ತಿದ್ದ ತಿಪ್ಪಕ್ಕನೇ ಅದರ ಚೂರನ್ನೂ ನಾಲಗೆಗೆ ಸೋಕಿಸುವಂತಿರಲಿಲ್ಲ. ತಟ್ಟೆ ತನ್ನನ್ನು ದಾಟಿ ಮುಂದೆ ಹೋಗುವಾಗ, ಗಂಡಸರ ಸಾಲಿನಲ್ಲಿ ಎಲೀಶಪ್ಪನು ಕಣ್ಣು ಮುಚ್ಚಿ ಅಗಿಯುವುದನ್ನು ನೋಡುತ್ತ ಕೂರುವಳು. ಒಂದೇ ಒಂದು ಸಲ ಅವನೊಂದಿಗೆ ಆ ರೊಟ್ಟಿ ತಿನ್ನಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು.

"ಹೊಳೆ ಗಿಳೆ ಬ್ಯಾಡ ಕಣೇ, ನಿನ್ ತೊಟ್ಟೀನ ನಾನೇ ಕಡೀತೀನಿ" ಎಂದ ಎಲೀಶಪ್ಪನು ದೇವಾಲಯದ ಹಿಂದಿನ ಬಂಡೆಯಲ್ಲಿ ಮೂರು ವರ್ಷ ಉಳಿಯಾಡಿಸಿದನು. ಹೆಂಡತಿಯ ಅಳತೆಯನ್ನು ಹಗ್ಗದಲ್ಲಿ ಹಿಡಿದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಡಿದನು. ಸಭೆಯವರೆಲ್ಲ ಕೊಡ ಹೊತ್ತು ತುಂಬಿಸಿದರು. ಬೋಧಕರು ಬಂದರು, ಒಂದು ಕಾಲಿಟ್ಟರು, ನಿಂತುಬಿಟ್ಟರು. ಮುಳುಗುವವಳಿಗೆ ಜಾಗವಿತ್ತು, ಮುಳುಗಿಸುವ ಅಯ್ಯನವರಿಗೆ ನಿಲ್ಲಲು ಜಾಗವಿರಲಿಲ್ಲ!

"ಮುಂದಿನ ವರ್ಷ ಆಗ್ಲಿ ತಾಯಿ" ಎಂದು ಅವರು ಗಾಡಿ ಹತ್ತಿದರು. ಕಲ್ಲಿನ ಧೂಳು ಎದೆಗಿಳಿದಿದ್ದ ಎಲೀಶಪ್ಪನಿಗೆ ಆ ಮುಂದಿನ ವರ್ಷ ಬರಲೇ ಇಲ್ಲ.

ತೊಟ್ಟಿಯನ್ನು ಅಗಲಿಸಲು ಬೇರೆ ಕುಟಿಗರು ಬಂದರೆ ತಿಪ್ಪಕ್ಕ ಅವರನ್ನು ಹತ್ತಿರ ಸೇರಿಸಲಿಲ್ಲ. ಬರಿದಾದ ಆ ಕಲ್ಲಿನೊಳಗೆ ಮಲಗಿ, ಅವನಿಟ್ಟ ಒಂದೊಂದು ಏಟನ್ನೂ ಬೆರಳಿನಿಂದ ಸವರುತ್ತಿದ್ದ ಒಂದು ಮಧ್ಯಾಹ್ನ, ಅಂತರಿಕ್ಷದಿಂದೆಂಬಂತೆ ಈ ದಿವ್ಯವಾಣಿಯು ಅವಳ ಕಿವಿಗೆ ಬಿದ್ದಿತು: "ಮಗಳೇ, ಅವನ ಉಳಿ ಇನ್ನೂ ಚೂಪಾಗಿದೆ."

ಅಂದು ಹಿಡಿದ ಉಳಿಯನ್ನು ಅವಳು ಬಿಡಲಿಲ್ಲ. ಕೈ ಬೊಬ್ಬೆಯೆದ್ದಿತು, ಉಗುರು ಕಿತ್ತುಬಂದಿತು, ಏಟುಗಳು ಅಡ್ಡಾದಿಡ್ಡಿ ಬಿದ್ದವು. ಬೋಧಕರು ನಿಲ್ಲಲು ಬೇಕಾದ ಎರಡು ಮೊಳ ಕಡಿದು ಮುಗಿಯುವ ದಿನ ಬಂಡೆಯ ಬಿರುಕಿನಿಂದ ನೀರು ಜಿನುಗಿ, ಬೋಧಕರು ಬರುವ ಹೊತ್ತಿಗೆ ತೊಟ್ಟಿ ಎದೆಮಟ್ಟಕ್ಕೆ ತುಂಬಿ ನಿಂತಿತ್ತು.

ಮುಳುಗಿ ಎದ್ದ ತಿಪ್ಪಕ್ಕ ಒದ್ದೆ ಸೀರೆಯಲ್ಲೇ ಹೆಂಗಸರ ಸಾಲಿನಲ್ಲಿ ಕುಳಿತಳು. ತಟ್ಟೆ ಬಂದಿತು, ಈ ಬಾರಿ ದಾಟಲಿಲ್ಲ. ಚೂರನ್ನು ಬಾಯಿಗಿಟ್ಟವಳೇ ಬೆಚ್ಚಿದಳು. ದೇವರ ರೊಟ್ಟಿ ಸಪ್ಪೆಯಾಗಬಾರದೆಂದು ಪ್ರತಿಸಲವೂ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳಲ್ಲ!

"ಅಯ್ಯೋ, ಇಷ್ಟೊಂದು ಉಪ್ಪಾ! ಹನ್ನೆರಡು ವರ್ಷ ಒಬ್ರೂ ಬಾಯ್ಬಿಡ್ಲಿಲ್ವಲ್ಲ..." ಎಂದು ನಕ್ಕಳು. ಆಮೇಲೆ ಗಂಡಸರ ಸಾಲಿನಲ್ಲಿ ಅವನು ಕೂರುತ್ತಿದ್ದ ಜಾಗದ ಕಡೆ ತಿರುಗಿ, "ನೀನೂ ಹೇಳ್ಲಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಬತ್ತದ ಆ ತೊಟ್ಟಿಯಲ್ಲಿ ಎಲೀಶಪ್ಪನ ನೇರ ಏಟುಗಳೂ ತಿಪ್ಪಕ್ಕನ ಸೊಟ್ಟ ಏಟುಗಳೂ ಕೂಡುವ ಗೆರೆಯನ್ನು ಭಕ್ತಾದಿಗಳು ಇಂದಿಗೂ ಮುಟ್ಟಿ ನೋಡಬಹುದು. ಸಭೆಯ ರೊಟ್ಟಿಗೆ ಇಂದಿಗೂ ಒಂದು ಹಿಡಿ ಉಪ್ಪು ಹೆಚ್ಚೇ ಬೀಳುತ್ತದೆ. ತಿಂದವರು ಯಾರೂ ಈವರೆಗೆ ಏನೂ ಅಂದಿಲ್ಲ. ತಾವೂ ಅನ್ನಬಾರದೆಂದು ವಿನಂತಿ.